ಆಟಿಸಂ ಇರುವ ಪುಟ್ಟ ಮಗುವಿಗೆ ಯಾವ ದಾರಿ: ಜಿಲ್ಲಾಸ್ಪತ್ರೆಯೋ, ಖಾಸಗಿ ಸೆಂಟರೋ, ಮನೆಯೋ?

ಎರಡೂವರೆ ವರ್ಷದ ಮಗು. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ಬಿಸ್ಕತ್ತು ಬೇಕಾದರೆ ಅಮ್ಮನ ಕೈ ಹಿಡಿದು ಎಳೆದುಕೊಂಡು ಹೋಗಿ ಡಬ್ಬದ ಮೇಲೆ ಇಡುತ್ತದೆ. ಮಕ್ಕಳ ಡಾಕ್ಟರು ನೋಡಿ "ಆಟಿಸಂ ಇರಬಹುದು, ಥೆರಪಿ ಶುರು ಮಾಡಿ" ಎಂದು ಚೀಟಿ ಬರೆದುಕೊಟ್ಟರು. ಯಾವ ಥೆರಪಿ, ಎಲ್ಲಿ, ವಾರಕ್ಕೆ ಎಷ್ಟು ಸಲ ಎನ್ನುವುದು ಆ ಚೀಟಿಯಲ್ಲಿ ಇರುವುದಿಲ್ಲ. ಮನೆಗೆ ಬಂದು ಮೊಬೈಲ್ ತೆಗೆದರೆ ಎಬಿಎ, ಒಟಿ, ಸ್ಪೀಚ್, ಸೆನ್ಸರಿ, ಸ್ಟೆಮ್ ಸೆಲ್ ಅಂತ ಜಾಹೀರಾತುಗಳ ಸಾಲು. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಎಲ್ಲರೂ "ಬೇಗ ಸೇರಿಸಿ" ಅನ್ನುತ್ತಾರೆ.

ಈ ಬರಹ ಅಂಥ ಅಪ್ಪ ಅಮ್ಮಂದಿರಿಗೆ, ಅದರಲ್ಲೂ ಕರ್ನಾಟಕದಲ್ಲಿ ಇರುವವರಿಗೆ. ನಾನು ಡಾಕ್ಟರಲ್ಲ, ಇದೇ ದಾರಿಯಲ್ಲಿ ನಡೆದ ತಾಯಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಒಪ್ಪದಿದ್ದರೂ ಸರಿ. ಸೆಂಟರ್ ಆರಿಸುವಾಗ ಅಲ್ಲಿ ಮಗುವಿಗೆ ಏನು ಕಲಿಸುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ನಿಮಗೆ ಏನು ಕಲಿಸುತ್ತಾರೆ ಎಂದು ಕೇಳಿ. ಲೆಕ್ಕ ಸುಲಭ. ಮೂರು ವರ್ಷದ ಮಗು ದಿನಕ್ಕೆ ಸುಮಾರು 12 ಗಂಟೆ ಎಚ್ಚರ ಇರುತ್ತದೆ, ವಾರಕ್ಕೆ 84 ಗಂಟೆ. ವಾರಕ್ಕೆ 45 ನಿಮಿಷದ ಮೂರು ಸೆಷನ್ ಅಂದರೆ ಎರಡೂಕಾಲು ಗಂಟೆ. ಮಿಕ್ಕ 81 ಗಂಟೆಗೂ ಜಾಸ್ತಿ ಹೊತ್ತು ಮಗು ಇರುವುದು ನಿಮ್ಮ ಜತೆ, ಅಜ್ಜಿ ಜತೆ, ಇಲ್ಲವೇ ಟಿವಿ ಜತೆ. ಆ ಗಂಟೆಗಳಲ್ಲಿ ಏನೂ ಬದಲಾಗದಿದ್ದರೆ ಎಂಥ ದೊಡ್ಡ ಸೆಂಟರಿಗೆ ಹೋದರೂ ಸಿಗುವುದು ಅಷ್ಟಕ್ಕಷ್ಟೇ.

ಮೊದಲು: ಕಾಯುವುದೋ, ಶುರು ಮಾಡುವುದೋ

ಇದೂ ಒಂದು ಆಯ್ಕೆಯೇ, ಮತ್ತು ಬಹಳ ಮನೆಗಳಲ್ಲಿ ಗೆಲ್ಲುವುದು "ಕಾಯೋಣ" ಎನ್ನುವವರೇ. "ಗಂಡುಮಕ್ಕಳು ತಡವಾಗಿಯೇ ಮಾತಾಡೋದು", "ನಿಮ್ಮ ಮಾವನೂ ಐದು ವರ್ಷಕ್ಕೆ ಬಾಯಿ ಬಿಟ್ಟಿದ್ದು", "ಬಜೆ ತೇಯ್ದು ನಾಲಿಗೆಗೆ ಹಚ್ಚಿ". ಹಿರಿಯರ ಮೇಲೆ ಸಿಟ್ಟಾಗಬೇಕಿಲ್ಲ. ಕೆಲವು ಮಕ್ಕಳು ನಿಜವಾಗಿಯೂ ತಡವಾಗಿ ಮಾತಾಡುತ್ತಾರೆ. ಆದರೆ ಆ ಮಕ್ಕಳು ಮಾತು ಬಾರದಿದ್ದರೂ ಬೆರಳು ಮಾಡಿ ತೋರಿಸುತ್ತಾರೆ, ಕರೆದರೆ ತಿರುಗುತ್ತಾರೆ, ಹೊಸ ಆಟಿಕೆ ಸಿಕ್ಕರೆ ಎತ್ತಿ ಹಿಡಿದು ನಿಮ್ಮ ಮುಖ ನೋಡುತ್ತಾರೆ. ಮಾತೂ ಇಲ್ಲ, ಇವೂ ಇಲ್ಲ ಎಂದರೆ ಕಾಯಬಾರದು.

16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಇದೆ. ಹೌದು, ಇಲ್ಲ ಎಂದು ತಂದೆತಾಯಿಯೇ ತುಂಬಬಹುದು, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಅಂಕ ಜಾಸ್ತಿ ಬಂದರೆ ಆಟಿಸಂ ಇದೆ ಅಂತಲ್ಲ, ತಜ್ಞರಿಗೆ ತೋರಿಸಬೇಕು ಅಂತ ಅಷ್ಟೇ. ಜತೆಗೆ ಕಿವಿ ಪರೀಕ್ಷೆ. ಇದನ್ನು ಯಾರೂ ಬಿಡಬೇಡಿ. ಕರೆದರೆ ತಿರುಗದ ಮಗುವಿಗೆ ಕಿವಿ ಕೇಳಿಸದೆಯೂ ಇರಬಹುದು. "ಟಿವಿ ಹಾಡು ಬಂದರೆ ಓಡಿ ಬರ್ತಾನೆ, ಕಿವಿ ಚೆನ್ನಾಗಿದೆ" ಎಂದು ನಾವೇ ತೀರ್ಮಾನ ಮಾಡುವುದು ಬೇಡ.

ಇನ್ನೊಂದು ಮಾತು ಈಗ ಎಲ್ಲ ಕಡೆ ಓಡಾಡುತ್ತಿದೆ, "ವರ್ಚುಯಲ್ ಆಟಿಸಂ". ಮೊಬೈಲ್ ನೋಡಿ ಬಂದದ್ದು, ಮೊಬೈಲ್ ಕಿತ್ತುಕೊಂಡರೆ ಹೋಗುತ್ತದೆ ಅಂತ. ಈ ಹೆಸರಿನ ಡಯಾಗ್ನೋಸಿಸ್ ಯಾವ ವೈದ್ಯಕೀಯ ಪಟ್ಟಿಯಲ್ಲೂ ಇಲ್ಲ. ಸ್ಕ್ರೀನ್ ಕಡಿಮೆ ಮಾಡುವುದು ಒಳ್ಳೆಯದೇ, ಇವತ್ತೇ ಮಾಡಿ. ಆದರೆ "ಆರು ತಿಂಗಳು ಮೊಬೈಲ್ ಬಿಡಿಸಿ ನೋಡೋಣ, ಆಮೇಲೆ ಡಾಕ್ಟರ್" ಎನ್ನುವುದು ಕಾಯುವುದರ ಇನ್ನೊಂದು ಹೆಸರು.

ಆಟಿಸಂ ಎಂದು ಬರೆದುಕೊಟ್ಟ ಮೇಲೆಯೇ ಕೆಲಸ ಶುರುವಾಗಬೇಕು ಅಂತೇನೂ ಇಲ್ಲ. ದೊಡ್ಡ ಆಸ್ಪತ್ರೆಯ ಸರದಿಗೆ ತಿಂಗಳುಗಟ್ಟಲೆ ಕಾಯಬೇಕಾದರೆ ಕಾಯಿರಿ, ಅಷ್ಟರೊಳಗೆ ಮನೆಯಲ್ಲಿ, ಹತ್ತಿರದ ಸ್ಪೀಚ್ ಥೆರಪಿಸ್ಟ್ ಬಳಿ ಆರಂಭಿಸಿ. ಮಗುವಿನ ಜತೆ ನೆಲದ ಮೇಲೆ ಕೂತು ಆಡುವುದಕ್ಕೆ ಸರ್ಟಿಫಿಕೇಟ್ ಬೇಕಾಗಿಲ್ಲ.

ಎಲ್ಲಿಗೆ ಹೋಗುವುದು

ಸರ್ಕಾರಿ ದಾರಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಇದು ಇರುವುದೇ ಬಹಳ ಜನಕ್ಕೆ ಗೊತ್ತಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಆರ್‌ಬಿಎಸ್‌ಕೆ ಅನ್ನುತ್ತಾರಲ್ಲ, ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಬೆಳವಣಿಗೆ ತಡ ಎಂದು ಕಂಡರೆ ಜಿಲ್ಲಾಸ್ಪತ್ರೆಯ ಡಿಇಐಸಿ, ಅಂದರೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. ನೀವೇ ನೇರವಾಗಿಯೂ ಹೋಗಿ ವಿಚಾರಿಸಬಹುದು. ಮಕ್ಕಳ ಡಾಕ್ಟರು, ಫಿಸಿಯೋ, ಸ್ಪೀಚ್, ಸೈಕಾಲಜಿಸ್ಟ್, ವಿಶೇಷ ಶಿಕ್ಷಕರು ಒಂದೇ ಸೂರಿನಡಿ ಇರಬೇಕು ಎನ್ನುವುದು ಇದರ ಕಲ್ಪನೆ. ಖರ್ಚಿಲ್ಲ. ತೊಂದರೆ ಎಲ್ಲಿ ಅಂದರೆ, ಹುದ್ದೆ ತುಂಬಿದ ಜಿಲ್ಲೆಯಲ್ಲಿ ಚೆನ್ನಾಗಿ ನಡೆಯುತ್ತದೆ, ಸ್ಪೀಚ್ ಥೆರಪಿಸ್ಟ್ ಹುದ್ದೆಯೇ ಖಾಲಿ ಇರುವ ಕಡೆ ಬೋರ್ಡ್ ಮಾತ್ರ ಇರುತ್ತದೆ. ಹೊರಡುವ ಮುಂಚೆ "ಸ್ಪೀಚ್ ಥೆರಪಿಸ್ಟ್ ಯಾವ ದಿನ ಇರ್ತಾರೆ?" ಎಂದು ಫೋನ್ ಮಾಡಿ ಕೇಳಿಕೊಳ್ಳಿ. ಒಂದು ದಿನದ ಕೂಲಿ ಉಳಿಯುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಪ್ರತ್ಯೇಕ ಇದೆ. ಡಯಾಗ್ನೋಸಿಸ್ ಖಚಿತ ಮಾಡಿಕೊಳ್ಳಲು, ಫಿಟ್ಸ್ ಅಥವಾ ನಿದ್ದೆಯ ತೊಂದರೆ ಜತೆಗಿದ್ದರೆ, ಮಗು ತನ್ನನ್ನೇ ಹೊಡೆದುಕೊಳ್ಳುತ್ತಿದ್ದರೆ ಅಲ್ಲಿಗೇ ಹೋಗುವುದು ಸರಿ. ವಾರಕ್ಕೆ ಮೂರು ದಿನದ ಥೆರಪಿಗೆ ಅದು ಜಾಗವಲ್ಲ, ಆ ಕ್ಯೂ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಅವರು ಕೊಡುವುದು ಪರೀಕ್ಷೆ, ಯೋಜನೆ, ಮನೆಯಲ್ಲಿ ಏನು ಮಾಡಬೇಕೆಂಬ ಸಲಹೆ, ಮತ್ತೆ ಕೆಲವು ತಿಂಗಳ ಬಳಿಕ ಬಂದು ತೋರಿಸಿ ಅನ್ನುವುದು. ಅದೇ ಬೇಕಾದ್ದು ಕೂಡ. ಉತ್ತರ ಕರ್ನಾಟಕದವರು ಪರೀಕ್ಷೆಗೆ ಬೆಂಗಳೂರಿಗೇ ಬರಬೇಕೆಂದಿಲ್ಲ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆ, ಎಲ್ಲರೂ ಆಯಿಷ್ ಎಂದೇ ಕರೆಯುವ ಜಾಗ, ನನ್ನ ಪಟ್ಟಿಯಲ್ಲಿ ಮೇಲಿದೆ. ಕಿವಿ ಪರೀಕ್ಷೆ ಮತ್ತು ಸ್ಪೀಚ್ ಅಸೆಸ್‌ಮೆಂಟ್ ಒಂದೇ ಕಡೆ ಆಗುತ್ತದೆ, ಕನ್ನಡದಲ್ಲಿ ಮಾತಾಡುವ ಥೆರಪಿಸ್ಟ್‌ಗಳು ಸಿಗುತ್ತಾರೆ, ಶಾಲಾಪೂರ್ವ ತರಬೇತಿಯಲ್ಲಿ ಅಮ್ಮಂದಿರನ್ನೂ ಕೂರಿಸಿ ಕಲಿಸುತ್ತಾರೆ. ದೂರದವರಿಗೆ ವಿಡಿಯೋ ಮೂಲಕ ಥೆರಪಿಯೂ ಇದೆ. ಅಲ್ಲಿ ವಿದ್ಯಾರ್ಥಿಗಳೂ ಸೆಷನ್ ನಡೆಸುತ್ತಾರೆ, ಅದಕ್ಕೆ ಕೆಲವರು ಮೂಗು ಮುರಿಯುತ್ತಾರೆ. ನನಗೇನೂ ಅದು ತಪ್ಪೆನಿಸುವುದಿಲ್ಲ. ಮೇಲೆ ನೋಡಿಕೊಳ್ಳುವ ಹಿರಿಯರು ಇರುತ್ತಾರೆ, ಕಲಿಯುವವರಿಗೆ ಉತ್ಸಾಹವೂ ಜಾಸ್ತಿ. ಥೆರಪಿಸ್ಟ್ ಪದೇ ಪದೇ ಬದಲಾಗುವುದು ಮಾತ್ರ ಮಗುವಿಗೆ ಕಷ್ಟ.

ಇನ್ನು ಖಾಸಗಿ ಸೆಂಟರ್‌ಗಳು. ಬೆಂಗಳೂರಿನಲ್ಲಿ ಬಡಾವಣೆಗೊಂದು ಇವೆ, ತುಮಕೂರು, ಶಿವಮೊಗ್ಗ, ಹುಬ್ಬಳ್ಳಿಯಲ್ಲೂ ಇವೆ. ಅನುಕೂಲ ಏನೆಂದರೆ ಹತ್ತಿರ ಇರುತ್ತದೆ, ಸಂಜೆ ಹೊತ್ತು ಸ್ಲಾಟ್ ಸಿಗುತ್ತದೆ, ಒಬ್ಬರೇ ಥೆರಪಿಸ್ಟ್ ಮುಂದುವರಿಯಬಹುದು. ಖರ್ಚು ಲೆಕ್ಕ ಹಾಕಿಯೇ ಕಾಲಿಡಿ. ಸೆಷನ್ನಿಗೆ 800 ರೂಪಾಯಿ ಎಂದಿಟ್ಟುಕೊಂಡರೂ ವಾರಕ್ಕೆ ಮೂರು ಸ್ಪೀಚ್, ಎರಡು ಒಟಿ (ಊಟ, ಬಟ್ಟೆಯಂಥ ದಿನದ ಕೆಲಸ ಕಲಿಸುವ ಒಕ್ಯುಪೇಶನಲ್ ಥೆರಪಿ) ಅಂದರೆ ತಿಂಗಳಿಗೆ 16,000. ಇದು ಒಂದೆರಡು ತಿಂಗಳಲ್ಲಿ ಮುಗಿಯುವ ಕೆಲಸವಲ್ಲ, ವರ್ಷಗಟ್ಟಲೆ ನಡೆಯುವಂಥದ್ದು. ಚಿನ್ನ ಅಡ ಇಟ್ಟು ಆರು ತಿಂಗಳು ಅತಿ ಹೆಚ್ಚು ಸೆಷನ್ ಮಾಡಿಸಿ, ಏಳನೇ ತಿಂಗಳಿಗೆ ದುಡ್ಡು ಮುಗಿದು ಎಲ್ಲ ನಿಲ್ಲಿಸಿದ ಮನೆಗಳಿವೆ. ವಾರಕ್ಕೆ ಎರಡೇ ಸೆಷನ್, ಆದರೆ ಎರಡು ಮೂರು ವರ್ಷ ಬಿಡದೆ, ಅದೂ ಪ್ರತಿ ಸೆಷನ್ನಿನಲ್ಲಿ ಕೊನೆಯ ಹದಿನೈದು ನಿಮಿಷ ನಿಮ್ಮನ್ನು ಒಳಗೆ ಕೂರಿಸಿಕೊಂಡು. ನನ್ನನ್ನು ಕೇಳಿದರೆ ಇದೇ ಒಳ್ಳೆಯ ಆಯ್ಕೆ.

ದಿನವೂ ಕೆಲವು ಗಂಟೆ ನಡೆಯುವ ಗುಂಪಿನ ಕಾರ್ಯಕ್ರಮಗಳು ಇನ್ನೊಂದು ಬಗೆ. ಇದರಲ್ಲಿ ನಮ್ಮದೇ ಊರಿನ ಹೆಸರೊಂದು ಇದೆ, ಕಾಮ್ ಡೀಲ್. ವಾಕ್ ತಜ್ಞೆ ಡಾ. ಪ್ರತಿಭಾ ಕಾರಂತ್ ಅವರು ಬೆಂಗಳೂರಿನಲ್ಲಿ ರೂಪಿಸಿದ್ದು. ಆರು ವರ್ಷದೊಳಗಿನ ಪುಟ್ಟ ಮಕ್ಕಳ ಸಣ್ಣ ಗುಂಪು, ಸ್ಪೀಚ್, ಒಟಿ, ಮನಶ್ಶಾಸ್ತ್ರ ಗೊತ್ತಿರುವವರು ಒಂದೇ ತಂಡವಾಗಿ ಕೆಲಸ ಮಾಡುತ್ತಾರೆ, ಗುರಿ ಮಾಮೂಲಿ ಶಾಲೆಗೆ ಸೇರಿಸುವುದು. ಬಿಡಿ ಬಿಡಿ ಸೆಷನ್ನಿಗಿಂತ ಇಂಥ ಗುಂಪಿನಲ್ಲಿ ಒಂದು ಲಾಭ ಇದೆ. ಬೇರೆ ಮಕ್ಕಳಿರುತ್ತಾರೆ, ಸರದಿ ಕಾಯಬೇಕು, ತಿಂಡಿ ಡಬ್ಬಿ ತೆಗೆದು ಕೂತು ತಿನ್ನಬೇಕು. ಮುಚ್ಚಿದ ಕೋಣೆಯಲ್ಲಿ ಇದ್ಯಾವುದೂ ಕಲಿಯಲು ಆಗಲ್ಲ. ಆದರೆ ದಿನಾ ಕರೆದುಕೊಂಡು ಹೋಗಿ ಕರೆತರುವವರು ಮನೆಯಲ್ಲಿ ಇರಬೇಕು. ವೈಟ್‌ಫೀಲ್ಡಿನಿಂದ ಊರಿನ ಆ ತುದಿಗೆ ಟ್ರಾಫಿಕ್ಕಿನಲ್ಲಿ ಹೋಗಿ ಬರುವಷ್ಟರಲ್ಲಿ ಮಗುವಿಗೂ ಸಾಕು, ಅಮ್ಮನಿಗೂ ಸಾಕು ಅನಿಸಿದರೆ ಹೆಸರಿಲ್ಲದ ಹತ್ತಿರದ ಸೆಂಟರೇ ವಾಸಿ.

ಅಮ್ಮ ಅಪ್ಪನಿಗೆ ತರಬೇತಿ: ಇದನ್ನು ಎರಡನೇ ದರ್ಜೆ ಅಂದುಕೊಳ್ಳಬೇಡಿ

"ದುಡ್ಡಿಲ್ಲದವರಿಗೆ ಪೇರೆಂಟ್ ಟ್ರೈನಿಂಗ್, ದುಡ್ಡಿರುವವರಿಗೆ ಥೆರಪಿ" ಎನ್ನುವ ಭಾವನೆ ಇದೆ. ತಪ್ಪು. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ಪಾಸ್ ಎಂಬ ಅಧ್ಯಯನ ನಡೆಯಿತು, 2016ರಲ್ಲಿ ಫಲಿತಾಂಶ ಬಂತು. ಬ್ರಿಟನ್ನಿನಲ್ಲಿ ಸ್ಪೀಚ್ ಥೆರಪಿಸ್ಟ್‌ಗಳು ಮಾಡುತ್ತಿದ್ದ ಒಂದು ಕ್ರಮವನ್ನು ಇಲ್ಲಿ ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ ಮಾಡಿದರು. ಅಪ್ಪ ಅಮ್ಮ ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು, ಮಗು ತಾನಾಗಿ ಸಂವಹನ ಶುರು ಮಾಡುವುದು ಜಾಸ್ತಿಯಾಯಿತು. ದೊಡ್ಡ ಡಿಗ್ರಿಯವರು ಬರಲಿಲ್ಲ, ದುಬಾರಿ ಸಾಮಾನು ಬಳಸಲಿಲ್ಲ.

ಆ ಕ್ರಮದ ತಿರುಳು ಹೇಳುತ್ತೇನೆ, ಯಾಕೆಂದರೆ ಇದನ್ನು ನಿಮ್ಮ ಫೋನಿನಲ್ಲೇ ಮಾಡಬಹುದು. ಮಗುವಿನ ಜತೆ ಹತ್ತು ನಿಮಿಷ ಆಡುವಾಗ ಯಾರಾದರೂ ವಿಡಿಯೋ ಮಾಡಲಿ. ರಾತ್ರಿ ಮಗು ಮಲಗಿದ ಮೇಲೆ ಇಬ್ಬರೂ ಕೂತು ನೋಡಿ. ನೀವು ಎಷ್ಟು ಪ್ರಶ್ನೆ ಕೇಳುತ್ತಿದ್ದೀರಿ ನೋಡಿ. "ಇದೇನು? ಇದ್ಯಾವ ಬಣ್ಣ? ಹೇಳು, ಹೇಳು ಪುಟ್ಟಾ, ಕಾರ್ ಅನ್ನು." ಬಾಯಿ ಮುಚ್ಚದೆ ಮಾತಾಡುವ ನಮ್ಮನ್ನು ನೋಡಿದರೆ ನಮಗೇ ಸುಸ್ತಾಗುತ್ತದೆ. ಆಮೇಲೆ ಮಗುವನ್ನು ನೋಡಿ. ನಡುವೆ ಎಲ್ಲೋ ಒಂದು ಸಲ ಅದು ನಿಮ್ಮ ಕೈ ಕಡೆ ಕಣ್ಣು ಹಾಯಿಸಿರುತ್ತದೆ, ಸಣ್ಣ ಸದ್ದು ಮಾಡಿರುತ್ತದೆ, ಆಡುವಾಗ ನಿಮಗೆ ಕಂಡೇ ಇರುವುದಿಲ್ಲ. ಮರುದಿನ ಆ ಕ್ಷಣ ಬಂದಾಗ ಹಿಡಿಯಬೇಕು. ಪ್ರಶ್ನೆ ಕಡಿಮೆ, ಕಾಯುವುದು ಜಾಸ್ತಿ. ಇಷ್ಟೇ.

ಸಂಸ್ಥೆಗಳ ಮೂಲಕ ಕಲಿಯಬೇಕೆಂದರೆ ವಿಶ್ವ ಆರೋಗ್ಯ ಸಂಸ್ಥೆಯ ಪೋಷಕರ ತರಬೇತಿ ಇದೆ. 2ರಿಂದ 9 ವರ್ಷದ ಮಕ್ಕಳ ಮನೆಯವರಿಗೆ, ಗುಂಪಿನಲ್ಲಿ ಒಂಬತ್ತು ತರಗತಿ, ಮನೆಗೆ ಮೂರು ಭೇಟಿ. ಅದರ ಆನ್‌ಲೈನ್ ರೂಪ ಪುಕ್ಕಟೆ. ದೆಹಲಿಯಲ್ಲಿ ಪೋಷಕರೇ 1991ರಲ್ಲಿ ಕಟ್ಟಿದ ಆ್ಯಕ್ಷನ್ ಫಾರ್ ಆಟಿಸಂ ಸಂಸ್ಥೆಯಲ್ಲಿ ಅಮ್ಮ ಮಗು ಒಟ್ಟಿಗೆ ಹೋಗಿ ವಾರಗಟ್ಟಲೆ ಕಲಿಯುವ ವ್ಯವಸ್ಥೆ ಇದೆ. ಬೇರೆ ರಾಜ್ಯಗಳಿಂದಲೂ ಜನ ಅಲ್ಲಿಗೆ ಹೋಗುತ್ತಾರೆ.

ಒಂದು ಎಚ್ಚರಿಕೆ. ಪೋಷಕರ ತರಬೇತಿ ಅಂದರೆ ಎಲ್ಲವನ್ನೂ ತಾಯಿಯ ತಲೆಗೆ ಕಟ್ಟುವುದು ಅಂತಾಗಬಾರದು. ಕೆಲಸ ಬಿಡುವುದು ಅವಳೇ, ಬಸ್ಸಿನಲ್ಲಿ ಹೋಗುವುದು ಅವಳೇ, "ನೀನು ಸರಿಯಾಗಿ ಕಲಿಸಿಲ್ಲ" ಎಂದು ಕೇಳಿಸಿಕೊಳ್ಳುವುದೂ ಅವಳೇ. ಅಪ್ಪನಿಗೆ ಒಂದು ಹೊತ್ತು ಕೊಡಿ. ಸ್ನಾನದ ಹೊತ್ತೋ, ರಾತ್ರಿ ಊಟದ ಹೊತ್ತೋ. ಅಜ್ಜಿ ತಾತ ಇದ್ದರೆ ಅವರಿಗೂ ವಿಡಿಯೋ ತೋರಿಸಿ. ತೀರಾ ಕುಸಿದುಹೋದಂತೆ ಅನಿಸಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಯಾವ ಪದ್ಧತಿ: ಎರಡು ಕೋಣೆ ನೋಡಿ

ಹೆಸರುಗಳು ತಲೆ ಕೆಡಿಸುತ್ತವೆ, ಹಾಗಾಗಿ ಸೆಷನ್ ಹೇಗಿರುತ್ತದೆ ಎಂದೇ ಹೇಳುತ್ತೇನೆ.

ಮೊದಲನೆಯ ಕೋಣೆ. ಪುಟ್ಟ ಮೇಜು, ಎದುರುಬದುರು ಎರಡು ಕುರ್ಚಿ. ಮೇಜಿನ ಮೇಲೆ ಮೂರು ಚಿತ್ರ: ಬಾಳೆಹಣ್ಣು, ಚಪ್ಪಲಿ, ಬಸ್ಸು. "ಬಸ್ ಕೊಡು." ಮಗು ಕೊಟ್ಟರೆ "ವೆರಿ ಗುಡ್", ಒಂದು ಜೆಮ್ಸ್. ಕೊಡದಿದ್ದರೆ ಕೈ ಹಿಡಿದು ಕೊಡಿಸಿ ಮತ್ತೆ ಕೇಳುತ್ತಾರೆ. ಹೀಗೆ ಹತ್ತು ಸಲ. ಪಕ್ಕದ ಹಾಳೆಯಲ್ಲಿ ಪ್ಲಸ್, ಮೈನಸ್ ಗುರುತು.

ಎರಡನೆಯ ಕೋಣೆ. ನೆಲಕ್ಕೆ ಚಾಪೆ. ಮಗು ಆಟಿಕೆ ಬಸ್ಸು ತಲೆಕೆಳಗು ಮಾಡಿ ಚಕ್ರ ತಿರುಗಿಸುತ್ತಿದೆ. ಥೆರಪಿಸ್ಟ್ ಪಕ್ಕದಲ್ಲಿ ಕೂತು ಇನ್ನೊಂದು ಬಸ್ಸಿನ ಚಕ್ರ ಹಾಗೇ ತಿರುಗಿಸುತ್ತಾರೆ, "ಡರ್ರ್..." ಮಗು ಓರೆಗಣ್ಣಲ್ಲಿ ನೋಡುತ್ತದೆ. ಅವರು ಬಸ್ಸನ್ನು ಇಳಿಜಾರು ಹಲಗೆಯ ಮೇಲಿಟ್ಟು ಕೈಯಲ್ಲಿ ತಡೆದು "ಒಂದು... ಎರಡು..." ಎಂದು ನಿಲ್ಲಿಸುತ್ತಾರೆ. ಕಾಯುತ್ತಾರೆ. ಮಗು ಅವರ ಮುಖ ನೋಡುತ್ತದೆ, ಇಲ್ಲವೇ "ಉಂ" ಅನ್ನುತ್ತದೆ. "ಮೂರು! ಬಸ್ ಹೋಯ್ತು!" ಬಸ್ಸು ಜಾರಿ ಹೋಗುತ್ತದೆ. ಜೆಮ್ಸ್ ಇಲ್ಲ, ಬಸ್ಸು ಜಾರಿದ್ದೇ ಬಹುಮಾನ.

ಮೊದಲನೆಯದು ಎಬಿಎಯ, ಅಂದರೆ ಕೆಲಸವನ್ನು ಸಣ್ಣ ಹಂತಗಳಾಗಿ ಒಡೆದು ಬಹುಮಾನ ಕೊಟ್ಟು ಕಲಿಸುವ ಪದ್ಧತಿಯ, ಹಳೆಯ ರೂಪ. ಅಮೆರಿಕದ ಮನಶ್ಶಾಸ್ತ್ರಜ್ಞ ಲೊವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಹೆಸರಾಯಿತು. ವಾರಕ್ಕೆ 40 ಗಂಟೆ ಕಲಿಸಿದ 19 ಮಕ್ಕಳಲ್ಲಿ 9 ಮಂದಿ ಮಾಮೂಲಿ ಮಕ್ಕಳಂತಾದರು ಎಂಬ ಮಾತು ಲೋಕವೆಲ್ಲ ಹರಡಿತು. ಆದರೆ ಯಾವ ಮಗು ಯಾವ ಗುಂಪಿಗೆ ಎಂದು ಚೀಟಿ ಎತ್ತಿದ ಅಧ್ಯಯನ ಅದಲ್ಲ. ಗದರುವುದು, ತೊಡೆಗೆ ಪೆಟ್ಟು ಕೊಡುವುದೂ ಆಗ ಅದರ ಭಾಗವಾಗಿತ್ತು. ಇವತ್ತಿನ ಎಬಿಎ ಎಲ್ಲ ಹಾಗಿಲ್ಲ, ಒಳ್ಳೆಯವರು ಪೆಟ್ಟಿರಲಿ, ಗದರುವುದೂ ಇಲ್ಲ. ಹಾಗಿದ್ದರೂ ಆಟಿಸಂ ಇರುವ ಎಷ್ಟೋ ವಯಸ್ಕರು "ನಮ್ಮನ್ನು ನಾವಾಗಿರಲು ಬಿಡಲಿಲ್ಲ" ಎಂದು ಹೇಳುತ್ತಾರೆ, ಅದನ್ನು ಕೇಳಿಸಿಕೊಳ್ಳಬೇಕು.

ಎರಡನೆಯದಕ್ಕೆ, ಅಂದರೆ ಆಟದೊಳಗೆ ಸಹಜವಾಗಿ ಕಲಿಸುವುದಕ್ಕೆ, ಎನ್‌ಡಿಬಿಐ ಎಂಬ ದೊಡ್ಡ ಹೆಸರಿದೆ, ಇಎಸ್‌ಡಿಎಂ ಅದರಲ್ಲೊಂದು. ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಸ್ಯಾಲಿ ರಾಜರ್ಸ್ ಮತ್ತು ಜೆರಾಲ್ಡಿನ್ ಡಾಸನ್ ರೂಪಿಸಿದ್ದು. 2010ರಲ್ಲಿ 48 ಪುಟ್ಟ ಮಕ್ಕಳ ಅಧ್ಯಯನದಲ್ಲಿ ಒಳ್ಳೆಯ ಫಲಿತಾಂಶ ಬಂತು, ಆಮೇಲೆ ಬೇರೆ ಊರುಗಳಲ್ಲಿ ಮತ್ತೆ ಮಾಡಿದಾಗ ಲಾಭ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಪವಾಡ ಎಲ್ಲೂ ಇಲ್ಲ. 2020ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಆಟದೊಳಗೆ ಕಲಿಸುವ ಕ್ರಮಗಳಿಗೇ ಗಟ್ಟಿ ಆಧಾರ ಸಿಕ್ಕಿತು. ಮೂರು ವರ್ಷದೊಳಗಿನ ಮಗುವಿಗೆ ನನ್ನ ಆಯ್ಕೆ ಎರಡನೆಯ ಕೋಣೆ, ಅನುಮಾನವೇ ಇಲ್ಲ. ಮನೆಯಲ್ಲಿ ಮುಂದುವರಿಸಲು ಆಗುವುದೂ ಅದೇ, ಯಾಕೆಂದರೆ ಇಳಿಜಾರು ಹಲಗೆ ಇಲ್ಲದಿದ್ದರೆ ಮಣೆ ಇದೆ. ಮೇಜಿನ ಕೆಲಸ ಪೂರ್ತಿ ಬೇಡ ಅಂತಲ್ಲ. ಹಲ್ಲುಜ್ಜುವುದು, ಚಡ್ಡಿ ಹಾಕಿಕೊಳ್ಳುವುದು, ಇಂಥವನ್ನು ಹಂತ ಹಂತವಾಗಿ ಒಡೆದು ಕಲಿಸುವುದರಲ್ಲಿ ಎಬಿಎಯವರು ಗಟ್ಟಿಗರು.

ಗಂಟೆಗಳ ವಿಷಯ. "ವಾರಕ್ಕೆ 40 ಗಂಟೆ ಮಾಡದಿದ್ದರೆ ಟೈಮ್ ವೇಸ್ಟ್" ಎಂದು ಹೆದರಿಸುವವರಿದ್ದಾರೆ. 2021ರಲ್ಲಿ ರಾಜರ್ಸ್ ತಂಡವೇ 87 ಮಕ್ಕಳನ್ನು ವಾರಕ್ಕೆ 15 ಗಂಟೆ, 25 ಗಂಟೆ ಎಂದು ಬೇರೆ ಬೇರೆ ಗುಂಪು ಮಾಡಿ, ಇಎಸ್‌ಡಿಎಂ ಮತ್ತು ಮೇಜಿನ ಕ್ರಮ ಎರಡನ್ನೂ ಒಂದು ವರ್ಷ ಹೋಲಿಸಿ ನೋಡಿತು. ಒಟ್ಟಾರೆಯಾಗಿ ಗಂಟೆಯಿಂದಲೂ ವ್ಯತ್ಯಾಸ ಆಗಲಿಲ್ಲ, ಕ್ರಮದಿಂದಲೂ ಆಗಲಿಲ್ಲ. 15 ಗಂಟೆಯೂ ನಮ್ಮಲ್ಲಿ ಬಹಳ ಜನರಿಗೆ ಕೈಗೆಟುಕದು, ಅದು ಬೇರೆ ಮಾತು. ಆದರೆ ಪ್ಯಾಕೇಜ್ ಮಾರುವವರು 40 ಅಂದಾಗ ಹೆದರಬೇಕಿಲ್ಲ.

ಒಕ್ಯುಪೇಶನಲ್ ಥೆರಪಿ, ಅಂದರೆ ಒಟಿ, ಬಗ್ಗೆ ಚಿಕ್ಕದಾಗಿ. ಚಮಚ ಹಿಡಿಯುವುದು, ಗುಂಡಿ ಹಾಕುವುದು, ಊಟದಲ್ಲಿ ಅನ್ನ ಮುಟ್ಟದ ಮಗುವಿಗೆ ಅಭ್ಯಾಸ ಮಾಡಿಸುವುದು, ಇದಕ್ಕೆಲ್ಲ ಒಟಿ ಬೇಕು. ಉಯ್ಯಾಲೆಯಲ್ಲಿ ತೂಗುವುದು, ಬ್ರಷ್ಷಿನಿಂದ ಮೈ ಉಜ್ಜುವುದು, ತೂಕದ ಜಾಕೆಟ್ ಹಾಕುವುದು, ಇವುಗಳಿಂದ ಮಾತು ಬರುತ್ತದೆ ಎಂದರೆ ನಂಬಬೇಡಿ. ಉಯ್ಯಾಲೆ ಮಗುವಿಗೆ ಖುಷಿ ಕೊಟ್ಟರೆ ಪಾರ್ಕಿನಲ್ಲೂ ಉಯ್ಯಾಲೆ ಇದೆ.

ಕನ್ನಡವೋ, ಇಂಗ್ಲಿಷೋ

ಇದು ನನಗೆ ಬಹಳ ಸಿಟ್ಟು ಬರಿಸುವ ವಿಷಯ. "ಮಗುವಿಗೆ ಗೊಂದಲ ಆಗುತ್ತೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ" ಎಂದು ಹೇಳುವ ಥೆರಪಿಸ್ಟ್‌ಗಳು ಇನ್ನೂ ಇದ್ದಾರೆ. ಎರಡು ಭಾಷೆ ಕೇಳಿಸಿಕೊಂಡು ಬೆಳೆದ ಆಟಿಸಂ ಮಕ್ಕಳು ಒಂದೇ ಭಾಷೆಯವರಿಗಿಂತ ಹಿಂದೆ ಬೀಳುತ್ತಾರೆ ಎನ್ನುವುದಕ್ಕೆ ಆಧಾರ ಇಲ್ಲ, ಹಿಂದೆ ಬೀಳುವುದಿಲ್ಲ ಎನ್ನುವುದಕ್ಕೆ ಹಲವು ಅಧ್ಯಯನಗಳಿವೆ. ಇನ್ನು ಮನೆಯಲ್ಲಿ ನೋಡಿ. ಅಮ್ಮ ಅಳೆದು ಸುರಿದು "ಕಮ್, ಸಿಟ್, ಈಟ್" ಅನ್ನುತ್ತಾಳೆ. ಅಜ್ಜಿ ಸುಮ್ನೆ ಕೂರುತ್ತಾಳೆ, ಯಾಕೆಂದರೆ ಅವಳಿಗೆ ಇಂಗ್ಲಿಷ್ ಬಾರದು. "ಆನೆ ಬಂತೊಂದಾನೆ" ಹಾಡುತ್ತಿದ್ದವಳ ಬಾಯಿ ಮುಚ್ಚಿಸಿ ಮಗುವಿನ ಮಾತು ಬೆಳೆಸುವುದು ಎಂಥ ಬುದ್ಧಿ? ಹಾಡಿನ ಸಾಲು ಅರ್ಧಕ್ಕೆ ನಿಲ್ಲಿಸಿ ಕಾಯುವುದು ಆಟದೊಳಗೆ ಕಲಿಸುವ ಕ್ರಮದ್ದೇ ಒಂದು ಉಪಾಯ, ಅದನ್ನು ಅಜ್ಜಿಗಿಂತ ಚೆನ್ನಾಗಿ ಯಾರು ಮಾಡುತ್ತಾರೆ? ತುಳು, ಕೊಂಕಣಿ, ಉರ್ದು, ತೆಲುಗು ಮನೆಯವರಿಗೂ ಇದೇ ಮಾತು. ಮಗು ಯೂಟ್ಯೂಬ್ ನೋಡಿ ಇಂಗ್ಲಿಷ್ ಅಕ್ಷರ, ನಂಬರ್ ಹೇಳುತ್ತಿದೆಯೇ? ಹೇಳಲಿ. ಅದಕ್ಕೂ ಕನ್ನಡ ಬಿಡುವುದಕ್ಕೂ ಸಂಬಂಧ ಇಲ್ಲ. ಎರಡು ಸೆಂಟರ್ ಸಮ ಸಮ ಇದ್ದರೆ ಮನೆಮಾತು ಬಲ್ಲ ಥೆರಪಿಸ್ಟ್ ಇರುವ ಕಡೆ ಸೇರಿಸಿ.

ಇನ್ನೊಂದು ಹೆದರಿಕೆ ಚಿತ್ರಗಳದ್ದು. ಚಿತ್ರ ಕೊಟ್ಟು ಕೇಳಲು ಕಲಿತರೆ, ಟ್ಯಾಬ್ ಒತ್ತಿ ಹೇಳಲು ಕಲಿತರೆ ಬಾಯಿ ಮಾತು ಬರುವುದೇ ಇಲ್ಲ ಅಂತ. 2006ರಲ್ಲಿ ಹಳೆಯ ಅಧ್ಯಯನಗಳನ್ನು ಸೋಸಿ ನೋಡಿದವರಿಗೆ ಮಾತು ಕಡಿಮೆಯಾದ ಒಂದು ಉದಾಹರಣೆಯೂ ಸಿಗಲಿಲ್ಲ, ಹೆಚ್ಚಿನವರಲ್ಲಿ ಮಾತು ಸ್ವಲ್ಪ ಜಾಸ್ತಿಯೇ ಆಗಿತ್ತು. ಹಾಗಾಗಿ "ಮಾತು ಬರಲಿ, ಆಮೇಲೆ ನೋಡೋಣ" ಎನ್ನದೆ ಎರಡನ್ನೂ ಜತೆಗೇ ಶುರು ಮಾಡುವವರನ್ನು ಆರಿಸಿ. ನೀರಿನ ಲೋಟ, ದೋಸೆ, ಚೆಂಡು, ಸ್ಕೂಟರ್, ಇಷ್ಟರ ಫೋಟೊ ಪ್ರಿಂಟ್ ಹಾಕಿಸಿ ಫ್ರಿಜ್ಜಿಗೆ ಅಂಟಿಸಿದರೂ ಶುರುವಾಯಿತು. ಆ್ಯಪ್ ಬೇಕೆಂದರೆ ಐಐಟಿ ಬಾಂಬೆಯಲ್ಲಿ ತಯಾರಾದ ಜೆಲ್ಲೊ ಪುಕ್ಕಟೆ ಸಿಗುತ್ತದೆ, ಚೆನ್ನೈನಲ್ಲಿ ಹುಟ್ಟಿದ ಆವಾಜ್ ಇದೆ.

ಇವುಗಳ ಬಾಗಿಲಿಗೂ ಹೋಗಬೇಡಿ

ಸ್ಟೆಮ್ ಸೆಲ್, ಅಂದರೆ ಮೂಲಕೋಶ ಚುಚ್ಚುವ ಚಿಕಿತ್ಸೆ, ಮೊದಲು. ಲಕ್ಷಗಟ್ಟಲೆ ಕೇಳುತ್ತಾರೆ, ಮೊದಲು ಹೀಗಿದ್ದ ಈಗ ಹೀಗಾದ ಎಂದು ವಿಡಿಯೋ ತೋರಿಸುತ್ತಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರ ಡಿಸೆಂಬರಿನಲ್ಲೇ ಆಟಿಸಂಗೆ ಇದನ್ನು ಶಿಫಾರಸು ಮಾಡುವುದಿಲ್ಲ, ಮಾಡಿಸಿ ಎಂದು ಪ್ರಚಾರ ಮಾಡುವುದು ವೃತ್ತಿ ದುರ್ನಡತೆ ಎಂದು ಹೇಳಿಯಾಗಿದೆ. ಕೀಲೇಶನ್, ಅಂದರೆ ಮೈಯಿಂದ ಲೋಹ ತೆಗೆಯುತ್ತೇವೆ ಎನ್ನುವ ಔಷಧಿ, ಜೀವಕ್ಕೇ ಅಪಾಯ. ಆಮ್ಲಜನಕದ ಕೊಠಡಿಯೂ ಬೇಡ. ಗೋಧಿ, ಹಾಲು ಬಿಡಿಸುವುದಕ್ಕೆ ಆಧಾರ ದುರ್ಬಲ. ಮೊದಲೇ ನಾಲ್ಕೇ ಪದಾರ್ಥ ತಿನ್ನುವ ಮಗುವಿನ ಹಾಲನ್ನೂ ಕಿತ್ತುಕೊಂಡರೆ ಉಳಿಯುವುದೇನು? ಲಸಿಕೆಯಿಂದ ಆಟಿಸಂ ಬರುತ್ತದೆ ಎಂದ 1998ರ ಲೇಖನವನ್ನು ಪತ್ರಿಕೆಯೇ 2010ರಲ್ಲಿ ವಾಪಸ್ ತೆಗೆದುಕೊಂಡಿದೆ, ಈ ಮಗುವಿಗೂ ಅದರ ತಮ್ಮ ತಂಗಿಗೂ ಎಲ್ಲ ಲಸಿಕೆ ಹಾಕಿಸಿ. ಮತ್ತೆ, "ಆರು ತಿಂಗಳಲ್ಲಿ ಗುಣ ಮಾಡ್ತೀವಿ" ಎಂದು ಯಾರೇ ಹೇಳಲಿ, ಬಿಳಿ ಕೋಟು ಹಾಕಿರಲಿ, ಕಾವಿ ಹಾಕಿರಲಿ, ಎದ್ದು ಬನ್ನಿ. ಹರಕೆ ಹೊತ್ತುಕೊಳ್ಳುವುದಕ್ಕೆ ನನ್ನ ತಕರಾರಿಲ್ಲ, ಅದು ನಿಮ್ಮ ಮನಸ್ಸಿಗೆ. ಹರಕೆಯೂ ಇರಲಿ, ಥೆರಪಿಯೂ ಇರಲಿ.

ಸೆಂಟರ್ ನೋಡಲು ಹೋದಾಗ

ಗೋಡೆಯ ಚಿತ್ರ, ಎಸಿ, ಬಣ್ಣದ ಚೆಂಡಿನ ತೊಟ್ಟಿ ಬಿಟ್ಟು ಒಂದು ಸೆಷನ್ ನೋಡಲು ಕೇಳಿ. ಬಾಗಿಲು ಹಾಕಿಕೊಂಡು "ಪೇರೆಂಟ್ಸ್ ಒಳಗೆ ಬರೋ ಹಾಗಿಲ್ಲ, ಮಗು ಡಿಸ್ಟರ್ಬ್ ಆಗುತ್ತೆ" ಅಂದರೆ ನನಗೆ ಅಲ್ಲಿಗೇ ಮುಗಿಯಿತು. ಕನಿಷ್ಠ ಕ್ಯಾಮೆರಾದಲ್ಲಾದರೂ ತೋರಿಸಬೇಕು. ಒಳಗಿಂದ ಮಗು ಅಳುವ ಸದ್ದು ನಿರಂತರವಾಗಿ ಕೇಳಿದರೆ, "ಮೊದಲು ಹಾಗೇ, ಆಮೇಲೆ ಅಡ್ಜಸ್ಟ್ ಆಗ್ತಾರೆ" ಎನ್ನುವ ಸಮಾಧಾನ ಒಂದು ವಾರಕ್ಕೆ ಸರಿ, ಒಂದು ತಿಂಗಳಿಗೆ ಸರಿಯಲ್ಲ.

ಸ್ಪೀಚ್ ಥೆರಪಿಸ್ಟ್, ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್ ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ, ನೋಂದಣಿ ಸಂಖ್ಯೆ ಇರಬೇಕು. ಸಂಕೋಚ ಪಡದೆ ಕೇಳಿ, ಸರಿಯಾದವರು ಬೇಜಾರಾಗುವುದಿಲ್ಲ. ಒಟಿಗಳು ಆರ್‌ಸಿಐ ಅಡಿ ಬರುವುದಿಲ್ಲ, ಅವರ ಡಿಗ್ರಿ ಕೇಳಿ. ಎಬಿಎಗೆ ನಮ್ಮ ದೇಶದಲ್ಲಿ ಇಂಥ ಸರ್ಕಾರಿ ನೋಂದಣಿ ಇಲ್ಲ. ಅಮೆರಿಕದ ಮಂಡಳಿಯ ಸರ್ಟಿಫಿಕೇಟ್ ಇರುವವರು ಇಲ್ಲಿ ಕೆಲವರಿದ್ದಾರೆ, ಆದರೆ ಆ ಮಂಡಳಿ 2023ರಿಂದ ಭಾರತದ ಹೊಸ ಅರ್ಜಿಗಳನ್ನು ತೆಗೆದುಕೊಳ್ಳುತ್ತಿಲ್ಲ. ಮೂರು ವಾರದ ಆನ್‌ಲೈನ್ ಕೋರ್ಸ್ ಮಾಡಿ ಥೆರಪಿಸ್ಟ್ ಎಂದು ಬೋರ್ಡ್ ಹಾಕಿಕೊಂಡವರೂ ಸಿಗುತ್ತಾರೆ.

ಗುರಿ ಏನು ಎಂದು ಬರೆದುಕೊಡಲು ಹೇಳಿ. "ಕಮ್ಯುನಿಕೇಶನ್ ಇಂಪ್ರೂವ್ ಮಾಡೋದು" ಗುರಿಯಲ್ಲ. "ಮೂರು ತಿಂಗಳಲ್ಲಿ ನೀರು, ತಿಂಡಿ, ಎತ್ತಿಕೋ, ಈ ಮೂರನ್ನು ಕೈ ಸನ್ನೆಯಿಂದಲೋ ಚಿತ್ರದಿಂದಲೋ ಮಾತಿನಿಂದಲೋ ತಾನಾಗಿ ಕೇಳಬೇಕು" ಎನ್ನುವುದು ಗುರಿ. ಮೂರು ತಿಂಗಳ ಬಳಿಕ ಆ ಹಾಳೆ ತೆಗೆದು ನೋಡಿ. ಮೂರರಲ್ಲಿ ಒಂದೂ ಆಗದಿದ್ದರೆ ಗುರಿ ಬದಲಿಸಬೇಕೋ, ಕ್ರಮ ಬದಲಿಸಬೇಕೋ ಎಂದು ಕೇಳಿ. "ಇನ್ನೂ ಜಾಸ್ತಿ ಸೆಷನ್ ತಗೊಳ್ಳಿ" ಎನ್ನುವುದೊಂದೇ ಉತ್ತರವಾದರೆ ಸೆಂಟರ್ ಬದಲಿಸುವುದೇ ಸರಿ.

ಪ್ಲೇಸ್ಕೂಲೋ ಅಂಗನವಾಡಿಯೋ ಎಂದರೆ, ಎರಡು ಗಂಟೆ ಬೇರೆ ಮಕ್ಕಳ ನಡುವೆ ಇರಲು ಬಿಡುವ ಕಡೆ ಕಳಿಸಿ. ದುಬಾರಿ ಪ್ಲೇಸ್ಕೂಲಿನವರು "ಶ್ಯಾಡೋ ಟೀಚರ್ ಕರೆತನ್ನಿ, ಇಲ್ಲದಿದ್ದರೆ ಬೇಡ" ಎನ್ನುತ್ತಾರೆ, ಅಂದರೆ ತರಗತಿಯಲ್ಲಿ ನಿಮ್ಮ ಮಗುವಿನ ಜತೆಗೇ ಇರುವ ಸಹಾಯಕಿ. ಅಂಗನವಾಡಿಯಲ್ಲಿ ಮಗುವನ್ನು ಬೇಡ ಅನ್ನುವಂತಿಲ್ಲ, ವಿಕಲಚೇತನ ಮಕ್ಕಳನ್ನು ಹೇಗೆ ಸೇರಿಸಿಕೊಳ್ಳಬೇಕು ಎಂದು 2023ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿದೆ. ಟೀಚರಮ್ಮನ ಬಳಿ ಹೋಗಿ ಮಗುವಿಗೆ ಏನು ಇಷ್ಟ, ಯಾವ ಸದ್ದಿಗೆ ಹೆದರುತ್ತದೆ, ಅತ್ತರೆ ಏನು ಮಾಡಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಅರ್ಧ ಕೆಲಸ ಆಯಿತು. ಕುಕ್ಕರ್ ವಿಷಲ್ ಬಗ್ಗೆ ಮರೆಯದೆ ಬರೆಯಿರಿ.

ಕಾಗದಪತ್ರ

ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಒಂದು. ಜಿಲ್ಲಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಪ್ರಮಾಣಪತ್ರ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಕೊಡುತ್ತಾರೆ. ಅದಕ್ಕೆ ಬಳಸುವ ಐಸಾ ಎಂಬ 40 ಅಂಶಗಳ ಅಳತೆಯಲ್ಲಿ ಕನಿಷ್ಠ 70 ಅಂಕ ಬರಬೇಕು, ಸೌಲಭ್ಯಗಳಿಗೆ ಶೇಕಡಾ 40 ಬೇಕು. "ಸರ್ಟಿಫಿಕೇಟ್ ಮಾಡಿಸಿದರೆ ಮಗುವಿಗೆ ಮುದ್ರೆ ಒತ್ತಿದ ಹಾಗೆ" ಎಂದು ಹಿಂಜರಿಯುವವರು ಬಹಳ. ಕಾರ್ಡ್ ಕಪಾಟಿನಲ್ಲಿ ಇರುತ್ತದೆ, ಹಣೆಯ ಮೇಲಲ್ಲ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕವಾಗಿಯೇ ಕೊಡುತ್ತಾರೆ, ಆಮೇಲೆ ಮತ್ತೆ ಪರೀಕ್ಷೆ ಇರುತ್ತದೆ.

ಅದರಿಂದ ಸಿಗುವುದೇನು? ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿರುವ ಅಪ್ಪ ಅಮ್ಮನಿಗೆ, 80ಡಿಡಿ ಎಂದೇ ಹೆಸರಾದ ಸೌಲಭ್ಯದಲ್ಲಿ, ತೆರಿಗೆ ಹಾಕುವ ಆದಾಯದಿಂದ ವರ್ಷಕ್ಕೆ 75,000 ರೂಪಾಯಿ ಕಡಿತ, ತೀವ್ರತೆ ಶೇಕಡಾ 80 ಅಥವಾ ಹೆಚ್ಚಿದ್ದರೆ 1,25,000. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ನಡೆಸುವ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಮಾಮೂಲಿ ಆರೋಗ್ಯ ವಿಮೆಯವರು ಸಾಮಾನ್ಯವಾಗಿ ಕೊಡದ ಥೆರಪಿ ಖರ್ಚಿಗೂ ಇದರಲ್ಲಿ ಒಂದು ಮಿತಿಯೊಳಗೆ ದುಡ್ಡು ವಾಪಸ್ ಬರುತ್ತದೆ. ಅದಕ್ಕೆ ಪ್ರತಿ ಸೆಷನ್ನಿನ ಬಿಲ್ ಬೇಕು. ಬರೀ ಕ್ಯಾಶ್ ಕೇಳಿ ಬಿಲ್ ಕೊಡದ ಸೆಂಟರ್‌ಗಳು ಇವೆ, ಸೇರುವ ದಿನವೇ ಕೇಳಿಕೊಳ್ಳಿ. ಬಿಲ್ಲಿನಲ್ಲಿ ಮಗುವಿನ ಹೆಸರು, ತಾರೀಖು, ಥೆರಪಿಸ್ಟ್ ಸಹಿ ಮತ್ತು (ಒಟಿ ಬಿಟ್ಟು ಉಳಿದವರದ್ದಾದರೆ) ಆರ್‌ಸಿಐ ಸಂಖ್ಯೆ ಇರಲಿ. ನಿರಾಮಯ ಕಾರ್ಡನ್ನು ಪ್ರತಿ ವರ್ಷ ನವೀಕರಿಸಬೇಕು. ಏಪ್ರಿಲ್‌ಗೆ ಮುಂಚೆ ಮಾಡಿಸಿಕೊಳ್ಳಿ.